ಅರುಂಧತಿ ಇದ್ದ ದಿಕ್ಕು

ಕುಂದಗೋಳದ ಪ್ರಭಂಜನಾಚಾರ್ಯರು ಮದುವೆ ಮಾಡಿಸುವುದರಲ್ಲಿ ಎತ್ತಿದ ಕೈ. ಮಂತ್ರ ಮುಗಿದದ್ದೇ ಮದುಮಕ್ಕಳನ್ನು ಹಂದರದ ಹೊರಗೆ ಕರೆತಂದು, ಪೂರ್ವಕ್ಕೆ ಬೆರಳು ಚಾಚಿ ಅರುಂಧತಿ ನಕ್ಷತ್ರ ತೋರಿಸುವರು. ಮಟಮಟ ಮಧ್ಯಾಹ್ನ ನಕ್ಷತ್ರ! ಊಟದ ಪಂಕ್ತಿ ಕಾಯುತ್ತಿರುವಾಗ ಕಾಣಲಿಲ್ಲ ಎನ್ನುವ ಮದುಮಗ ಇನ್ನೂ ಹುಟ್ಟಿಲ್ಲ. ಆಚಾರ್ಯರ ತಂದೆಯೂ ಪೂರ್ವಕ್ಕೇ ತೋರಿಸುತ್ತಿದ್ದರು, ಇವರೂ ಹಾಗೇ. ಸಪ್ತರ್ಷಿಗಳ ಹೆಸರೇನೋ ಬಾಯಿಪಾಠ, ಆದರೆ ಕತ್ತಲಾದ ಮೇಲೆ ತಲೆಯೆತ್ತಿ ಹುಡುಕಿದವರಲ್ಲ.

ಹೋದ ಬೇಸಿಗೆಯಲ್ಲಿ ಹೆಂಡತಿ ನರ್ಮದಾಬಾಯಿ ಹಾಸಿಗೆ ಹಿಡಿದರು. ಒಂದು ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ, "ಊರಿಗೆಲ್ಲ ತೋರಸ್ತೀರಿ, ನನಗೂ ಅರುಂಧತಿ ತೋರಸ್ರಿ" ಎಂದರು. ಆಚಾರ್ಯರು ರೂಢಿಯಂತೆ ಪೂರ್ವಕ್ಕೆ ಬೆರಳು ಮಾಡಿದರು. ಆಕೆ ಬಹಳ ಹೊತ್ತು ನೋಡಿ, "ನನಗ ಕಾಣವಲ್ದು" ಎಂದು ಮುಖ ತಿರುಗಿಸಿದರು. ಅರುಂಧತಿ ಕಾಣದವರ ಆಯುಷ್ಯ ತೀರಿತು ಎಂಬ ಮಾತು ಪುರೋಹಿತರ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಮರುದಿನದಿಂದ ಔಷಧಿ ಬೇಡವೆಂದರು. ಮುಂಗಾರಿನ ತನಕವೂ ಉಳಿಯಲಿಲ್ಲ.

ಆಕೆಯ ಕಣ್ಣಿಗೆ ಕಾಣಲಿಲ್ಲವೋ, ತಮ್ಮ ಬೆರಳೇ ತಪ್ಪಿತ್ತೋ? ಆಚಾರ್ಯರಿಗೆ ತುತ್ತು ಇಳಿಯದಾಯಿತು. ಈ ಬೇಸಿಗೆಯಲ್ಲಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದರು. ಅಲ್ಲಿ ಗುಡ್ಡದ ಮೇಲೆ, ಬಂದವರಿಗೆಲ್ಲ ದುರ್ಬೀನಿನಲ್ಲಿ ಆಕಾಶ ತೋರಿಸುವ ವೀಕ್ಷಣಾಲಯವಿತ್ತು. ಕೆಳಗೆ ಇಡೀ ಹುಬ್ಬಳ್ಳಿ ದೀಪ ಹಚ್ಚಿಕೊಂಡು ಕೂತಿತ್ತು. ಸಾಲಿನಲ್ಲಿ ಗಂಡಹೆಂಡಿರು, ಮಕ್ಕಳು ಮರಿ. ಒಂಟಿಯಾಗಿ ಬಂದವರು ಇವರೊಬ್ಬರೇ.

ದುರ್ಬೀನಿನ ಬಳಿ ನಿಂತಿದ್ದ ಕಾಲೇಜು ಹುಡುಗಿ ಐಶ್ವರ್ಯ ಕೇಳಿದಳು, "ಏನ್ ನೋಡ್ತೀರಿ ಕಾಕಾ?"

"ಅರುಂಧತಿ" ಎಂದು ಆಚಾರ್ಯರು ಪೂರ್ವಕ್ಕೆ ತಿರುಗಿದರು.

"ಆ ಕಡೆ ಅಲ್ರಿ. ಉತ್ತರಕ್ಕ ನೋಡ್ರಿ."

"ಹೋದ ವರ್ಷ ಎಲ್ಲಿತ್ತು ತಂಗಿ? ಇದ ತಿಂಗಳದಾಗ?"

"ಆಗೂ ಇಲ್ಲೇ ಇತ್ರಿ. ಅದು ಪೂರ್ವಕ್ಕ ಎಂದೂ ಬರೂದಿಲ್ಲ."

ಹಾಗಾದರೆ ನರ್ಮದಾಬಾಯಿಯ ಕಣ್ಣು ಸರಿಯಾಗೇ ಇದ್ದವು. ಇಲ್ಲದ ಕಡೆ ತೋರಿಸಿ, ಕಾಣಲಿಲ್ಲವಲ್ಲ ಎಂಬ ಅಂಜಿಕೆಯಲ್ಲೇ ಆಕೆಯನ್ನು ಕಳಿಸಿಕೊಟ್ಟವರು ತಾವು. ಐಶ್ವರ್ಯ ದುರ್ಬೀನನ್ನು ಉತ್ತರಕ್ಕೆ ತಿರುಗಿಸಿದಳು. ಆಚಾರ್ಯರು ಬಗ್ಗಿ ಕಣ್ಣಿಟ್ಟರು. ವಸಿಷ್ಠನೂ ಪಕ್ಕದಲ್ಲೇ ಅರುಂಧತಿಯೂ ನಿಚ್ಚಳವಾಗಿ ಕಂಡರು.

"ಬಾ ಇಲ್ಲೆ, ನೋಡು" ಎಂದು ಬಾಯಿಂದ ಬಂದೇಬಿಟ್ಟಿತು. ಜಾಗ ಬಿಟ್ಟು ಬಾಜು ಸರಿದು ನಿಂತರು. ಹಿಂದಿದ್ದ ಅಪರಿಚಿತನೊಬ್ಬ ತನ್ನನ್ನೇ ಕರೆದರೆಂದು ಮುಂದೆ ಬಂದ.