ಎರಡು ಲೀಟರ್ ಜೇನಿನ ತೂಕ

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಒಂದಲ್ಲ ಒಂದು ಕಣ್ಣು ಸದಾ ಊದಿರುತ್ತಿತ್ತು. ಆಲೂರು ಕಡೆಯ ನಮ್ಮ ಹೈಸ್ಕೂಲಿನ ಹಿಂದೆ ಜೇನುಪೆಟ್ಟಿಗೆ ಇಟ್ಟಿದ್ದರು. ಮುಖಕ್ಕೆ ಬಟ್ಟೆ ಕಟ್ಟುತ್ತಿರಲಿಲ್ಲ. "ಕಚ್ಚಿದ್ರೆ ಕಚ್ಲಿ, ಅದ್ರ ಮನೆಗೆ ನಾನು ತಾನೆ ನುಗ್ಗಿದ್ದು" ಎನ್ನುವರು.

ಎಸ್ಸೆಸ್ಸೆಲ್ಸಿಯಲ್ಲಿ ನಾನು ವಿಜ್ಞಾನ ಒಂದರಲ್ಲೇ ಫೇಲಾದೆ. ನಾವು ಕಾಫಿ ಎಸ್ಟೇಟಿನ ಕೂಲಿಗಳು, ಸಾಲುಮನೆಗಳ ಲೈನಿನವರು. "ಓದಿದ್ದು ಸಾಕು, ಸೋಮವಾರದಿಂದ ತೋಟಕ್ಕೆ ಬಾ" ಎಂದುಬಿಟ್ಟರು ಅಪ್ಪ. ಸುದ್ದಿ ತಿಳಿದು ಮೇಷ್ಟ್ರು ಲೈನಿಗೇ ಬಂದರು, ಕೈಯಲ್ಲಿ ಜೇನಿನ ಕ್ಯಾನು.

"ಪರೀಕ್ಷೇಲಿ ಅರ್ಧ ಲೀಟರ್ ಸೀಮೆಎಣ್ಣೆ ತೂಕ ಎಷ್ಟು ಅಂತ ಬರೆದೆ?"

"ಅರ್ಧ ಕೆಜಿ ಸಾರ್."

ಹಾಲನ್ನೂ ಎಣ್ಣೆಯನ್ನೂ ಲೀಟರಿನಲ್ಲಿ ಅಳೆದು ಕೆಜಿ ಅನ್ನುವುದೇ ನಮ್ಮಲ್ಲಿ ರೂಢಿ.

"ಅದು ನೀರಿನ ಲೆಕ್ಕ ಕಣಮ್ಮ. ಲೀಟರ್ ಅಂದ್ರೆ ಹಿಡಿಯೋ ಜಾಗ, ಕೆಜಿ ಅಂದ್ರೆ ತೂಕ. ಪುಸ್ತಕದೋರು ದ್ರವ್ಯರಾಶಿ ಅಂತಾರೆ, ಹೆದರ್ಬೇಡ. ಸಾಂದ್ರತೆನ ಗಾತ್ರದಿಂದ ಗುಣಿಸು, ಬರ್ತದೆ. ಈ ಜೇನು ಲೀಟರಿಗೆ ಒಂದು ಪಾಯಿಂಟ್ ನಾಲ್ಕು ಕೆಜಿ. ಎರಡು ಲೀಟರ್ ಐತೆ. ಎಷ್ಟು ತೂಗ್ತದೆ?"

ಅಪ್ಪ ನಡುವೆ ಬಾಯಿ ಹಾಕಿದರು. "ಎರಡು ಕೆಜಿ. ಇದಕ್ಕೂ ಇಸ್ಕೂಲ್ ಬೇಕಾ ಸಾರ್?"

"ಎರಡು ಕೆಜಿ ಎಂಟುನೂರು ಗ್ರಾಂ" ಎಂದೆ.

"ಬುಡು, ಅದ್ಕೇ ಫೇಲಾಗಿರೋದು."

ಮೇಷ್ಟ್ರು ನಗಲಿಲ್ಲ. "ತೂಗೇಬಿಡಾಣ. ನಿನ್ನ ಲೆಕ್ಕ ಸರಿಯಾದ್ರೆ ಇವಳು ತೋಟಕ್ಕೆ. ಇವಳದ್ದು ಸರಿಯಾದ್ರೆ ಮತ್ತೆ ಪರೀಕ್ಷೆಗೆ."

ಲೈನಿನ ಪಕ್ಕದ ಅಂಗಡಿಯ ತಕ್ಕಡಿ. ಒಂದು ತಟ್ಟೆಗೆ ಜೇನಿನ ಕ್ಯಾನು, ಇನ್ನೊಂದಕ್ಕೆ ಅಂಥದ್ದೇ ಖಾಲಿ ಕ್ಯಾನು. ಅದರ ಪಕ್ಕ ಎರಡು ಕೆಜಿ ಬಟ್ಟು ಇಟ್ಟರೂ ಜೇನು ಮೇಲೇಳಲಿಲ್ಲ. ಐನೂರು ಸೇರಿಸಿದರು. ಇನ್ನೂರು. ಕೊನೆಗೆ ನೂರು ಗ್ರಾಂ ಇಟ್ಟಾಗ ಮುಳ್ಳು ನೆಟ್ಟಗೆ ನಿಂತಿತು.

ಅಪ್ಪ ಇನ್ನೊಮ್ಮೆ ತೂಗಿಸಿದರು. ಆಮೇಲೆ ಅಂಗಡಿಯವನ ಭುಜ ಹಿಡಿದು ಅಲ್ಲಾಡಿಸಿದರು: "ತಕ್ಕಡಿ ಮುಟ್ದೆ ಹೇಳ್ಬುಟ್ಳಲ್ಲ ಮಾರಾಯ!"

ಆ ಸೋಮವಾರ ನಾನು ಹೋದದ್ದು ಮೇಷ್ಟ್ರ ಮನೆಗೆ, ಪಾಠಕ್ಕೆ. ಮರುಪರೀಕ್ಷೆ ಪಾಸು ಮಾಡಿದೆ, ಹಾಸನದಲ್ಲಿ ಬಿಎಸ್ಸಿ ಮುಗಿಸಿದೆ. ನಮ್ಮ ಲೈನಿನಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಡಿಗ್ರಿ ಬಂದ ಮರುವರ್ಷದ ಮಳೆಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಅಷ್ಟರೊಳಗೆ ನನ್ನ ಡಿಗ್ರಿ ಸರ್ಟಿಫಿಕೇಟು ಅವರ ಕೈ ಸೇರಿತ್ತು ಎಂಬುದೇ ನನ್ನ ಭಾಗ್ಯ. ಅದನ್ನು ತೋರಿಸಲು ಅಪ್ಪನೂ ನಾನೂ ಶಾಲೆಗೆ ಹೋದ ದಿನ ಅವರು ಹತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದರು. ಅದನ್ನು ಮಕ್ಕಳಿಗೆಲ್ಲ ಕೇಳುವಂತೆ ಓದಿ, ತಮ್ಮ ಕುರ್ಚಿ ಬಿಟ್ಟು ಎದ್ದರು.

"ಕೂತ್ಕೊಳಮ್ಮ."

ನಾನು ಹಿಂಜರಿದೆ. ಬಾಗಿಲಲ್ಲಿದ್ದ ಅಪ್ಪನ ದನಿ ಕೇಳಿಸಿತು: "ಕೂತ್ಕೋ ಮಗಾ, ಅವ್ರೇ ಹೇಳ್ತಾವ್ರೆ."

ಕೂತೆ. ಇಡೀ ಕ್ಲಾಸು ಎದ್ದು ನಿಂತಿತು.