ಎದುರುಮನೆ ಮಾಮನ ಕಾರ್ಪೆಟ್ಟು

ವೇಲಚೇರಿಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಮಾಮ ವಿಮಾ ಕಚೇರಿಯಿಂದ ನಿವೃತ್ತರಾದವರು. ನಮ್ಮ ವಂಶಕ್ಕೇ ಮೊದಲ ಡಿಗ್ರಿ ನನ್ನದು, ಅದೂ ಚಾಪೆಯ ಮೇಲೆ ಕೂತು ಓದಿ ಪಡೆದದ್ದು. ಕಾರ್ಪೆಟ್ಟು ತೊಳೆಯುವುದನ್ನು ನಾನು ಕಂಡದ್ದು ಅವರ ಮನೆಯಲ್ಲೇ. ಅವರು ಸೋಪುನೀರು ಚಿಮುಕಿಸಿ, ಉಜ್ಜಿ, ನೀರನ್ನೂ ಹೀರುವ ವ್ಯಾಕ್ಯೂಮ್ ಕ್ಲೀನರಿನಿಂದ ಕೊಳೆಯನ್ನೆಲ್ಲ ಎಳೆದು ತೆಗೆಯುತ್ತಿದ್ದರು. ಮುಗಿಯಿತು ಅನ್ನುವಾಗ ಅವರ ಹೆಂಡತಿ ಮಾಮಿ ನೀರಿನ ಕೊಡ ಹಿಡಿದು ಬರುತ್ತಿದ್ದರು.

"ಮೆಷಿನ್ನು ಮುಟ್ಟಿದ್ರೆ ಮಡಿ ಆಗತ್ತೇನ್ರೀ? ಮೇಲಿಂದ ನೀರು ಬೀಳ್ಬೇಕು."

ಕೊಡ ಬರಿದಾಗುತ್ತಿತ್ತು. ಮಾಮ ಸೊಂಟ ನೀವಿಕೊಂಡು, "ಸರಿ, ಇನ್ನೊಂದ್ಸಲ ಎಳೆಯೋಣ" ಎಂದು ಸ್ವಿಚ್ಚು ಹಾಕುತ್ತಿದ್ದರು.

ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಹೀಗೇ ಆಯಿತು. ಹಿಂದೆ ಬಂದವರೆಲ್ಲ ಏನೋ ಒಂದು ಕೊರತೆ ಹೇಳಿ ಹೋಗಿದ್ದರು. ಈ ಸಲ ಡಿಗ್ರಿ ಆದವನು ಜೊತೆಗಿದ್ದರೆ ಮರ್ಯಾದೆ ಎಂದು ನನ್ನನ್ನೂ ಕರೆದಿದ್ದರು. ಮಾಮಿ ನೀರು ಸುರಿದರು, ಮಾಮ ಅರ್ಧ ಎಳೆಯುವಷ್ಟರಲ್ಲಿ ಕರೆಂಟು ಹೋಯಿತು. ಕಾರ್ಪೆಟ್ಟಿನ ನಡುವೆ ಒದ್ದೆ ಉಳಿಯಿತು.

"ಪೋದುಂಪ್ಪಾ, ಸಾಕು, ಸುತ್ತಿ ಒಳಗಿಡಿ" ಎಂದಳು ಮಗಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮಾಮ ಹೋಗಿ ಆ ಒದ್ದೆಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಕಾಫಿ ಆಯಿತು, ಜಾತಕದ ಮಾತೂ ಆಯಿತು. ಬಂದವರು ಹೊರಡಲು ಎದ್ದರೂ ಮಾಮ ಏಳಲಿಲ್ಲ. ಎದ್ದರೆ ನೆನೆದ ಪಂಚೆ ಕಾಣುತ್ತಿತ್ತು. ಕೂತಲ್ಲೇ ಕೈಮುಗಿದರು. ಗಂಡಿನ ತಂದೆಯ ಮುಖ ಬಿಗಿಯಾಯಿತು.

"ಅವರಿಗೆ ಮಂಡಿ ನೋವು, ತಪ್ಪು ತಿಳೀಬೇಡಿ" ಎನ್ನುತ್ತ ಮಾಮಿ ಅವರ ಹಿಂದೆ ಮೆಟ್ಟಿಲಿಳಿದರು.

ಮಾಮ ನನ್ನ ಕಡೆ ಕೈ ಚಾಚಿದರು. "ಎಬ್ಬಿಸಪ್ಪಾ. ಮಂಡಿ ನಿಜವಾಗ್ಲೂ ಹಿಡ್ಕೊಂಡಿದೆ."