ನಮ್ಮ ಹೊಂಡಕ್ಕೆ ಒಗ್ಗುವ ಮೀನು

ನನ್ನ ಗಂಡ ಲಾರಿ ಓಡಿಸುವುದು ಬಿಟ್ಟ ವರ್ಷ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಪುಣೆ–ಹೈದರಾಬಾದ್ ರಸ್ತೆಯಲ್ಲೇ ವಯಸ್ಸು ಕಳೆದ ಮನುಷ್ಯ. ಗಾಡಿ ಮಗುಚಿ ಎಡಗಾಲು ಮುರಿದ ಮೇಲೆ ಕ್ಲಚ್ ತುಳಿಯಲಾಗದೆ ನಮ್ಮೂರು ಕೊಡಂಬಲಕ್ಕೆ ಬಂದು ಕೂತರು. ಕೂತರು ಎನ್ನುವುದೂ ತಪ್ಪು. ಮನೆಗೂ ಹೊಲಕ್ಕೂ ಕುಂಟುತ್ತ ತಿರುಗುತ್ತಲೇ ಇದ್ದರು. ಒಂದು ದಿನ ಹೇಳದೆ ಕೇಳದೆ ಹೊರಟುಬಿಡುತ್ತಾರೆ ಎಂದು ನನಗೆ ಒಳಗೊಳಗೇ ಭಯ.

ಹೊಲದ ಅಂಚಿಗೆ ಕೆಂಪುಕಲ್ಲು ಕಡಿದು ಬಿಟ್ಟ ದೊಡ್ಡ ಹೊಂಡವಿತ್ತು. ಮಳೆಗಾಲದಲ್ಲಿ ತುಂಬಿದರೆ ಬೇಸಿಗೆಯವರೆಗೆ ನೀರು. ಹೆದ್ದಾರಿಯ ಹೋಟೆಲಿನಲ್ಲಿ ಹಳೆಯ ಗೆಳೆಯರ ಜೊತೆ ಚಹಾ ಕುಡಿದು ಬಂದವರು ಚಪ್ಪಲಿ ಸಹ ಬಿಡದೆ ಹೇಳಿದರು:

"ಆಂಧ್ರದಾಗ ಪಂಗಾಸ್ ಅಂತ ಮೀನು ಸಾಕಾಕತ್ತಾರ. ಭಾಳ ಜಲ್ದಿ ಬೆಳೀತದಂತ. ನಮ್ಮ ಹೊಂಡದಾಗೂ ಬಿಡೂಣು."

ನಾವು ಲಿಂಗ ಕಟ್ಟಿಕೊಂಡ ಮನೆಯವರು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗನನ್ನೇ ನೋಡಿದರು. "ಹೊಂಡದಾಗ ಏನರ ಮಾಡಪ್ಪಾ. ಅಂಗಳಕ್ಕ ಮಾತ್ರ ತರಬ್ಯಾಡ," ಎಂದರು. ಅವರಿಗೂ ನನ್ನದೇ ಭಯವಿತ್ತೆಂದು ಕಾಣುತ್ತದೆ.

ಮೀನುಮರಿ ಕೇಳಲು ಇಬ್ಬರೂ ಹುಮನಾಬಾದಿಗೆ ಹೋದೆವು. ಅಲ್ಲಿ ಸಿಕ್ಕ ಮೀನುಗಾರಿಕೆ ಇಲಾಖೆಯ ಸಾಹೇಬರು ಮರಿಯ ಮಾತೇ ಎತ್ತಲಿಲ್ಲ. "ಚಳಿಗಾಲದಾಗ ನಿಮ್ಮ ನೀರು ಎಷ್ಟು ಥಂಡಿ ಆಗ್ತದ್ರಿ? ಬ್ಯಾಸಿಗ್ಯಾಗ ಎಷ್ಟು ಆಳ ಉಳೀತದ?" ಎಂದರು. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. "ಪಂಗಾಸಿಗೆ ಬೆಚ್ಚನ ನೀರು ಬೇಕ್ರಿ. ಥಂಡಿಗೆ ತಿನ್ನೂದು ಬಿಡ್ತದ, ಸಾಯ್ತದ. ಒಂದು ಚಳಿಗಾಲ ನೀರು ನೋಡಿ ಬರ್ರಿ."

ಒಂದು ಗಳಿಗೆ ನಿಲ್ಲದ ಮನುಷ್ಯನಿಗೆ ಒಂದು ಚಳಿಗಾಲ! ಬೈಯುತ್ತಲೇ ಒಂದು ತಾಪಮಾಪಕ ಕೊಂಡು ಹಗ್ಗಕ್ಕೆ ಕಟ್ಟಿ, ದಿನಾ ಬೆಳಿಗ್ಗೆ ನೀರಿಗೆ ಇಳಿಬಿಟ್ಟರು. ಸಂಕ್ರಾಂತಿಯ ಹೊತ್ತಿಗೆ ಮುಳುಗಿಸಿದ ಕೈ ಮರಗಟ್ಟುತ್ತಿತ್ತು. ಒಂದು ಬೆಳಿಗ್ಗೆ ಒಲೆಯ ಮುಂದೆ ಕೈ ಕಾಯಿಸುತ್ತ, "ಪಂಗಾಸ್ ಬ್ಯಾಡ," ಎಂದರು.

ಮತ್ತೆ ಜಗಳ. ತೂಕ ಬರುತ್ತದೆಂದು ಅವರಿಗೆ ಬರೀ ಕಾಟ್ಲಾ ಮೀನೇ ಬೇಕು. "ಬ್ಯಾಸಿಗ್ಯಾಗ ನೀರು ಇಳಿದ ಮ್ಯಾಲ ಅಷ್ಟು ದೊಡ್ಡ ಮೀನು ಎಲ್ಲಿರಬೇಕ್ರಿ?" ಎಂದೆ ನಾನು. ಕಡೆಗೆ ಸಾಹೇಬರ ಮಾತಿನಂತೆ ಮೇಲ್ನೀರಿಗೆ ಸ್ವಲ್ಪ ಕಾಟ್ಲಾ, ನಡುವಿಗೆ ರೋಹು, ತಳಕ್ಕೆ ಥಂಡಿಯನ್ನೂ ರಾಡಿಯನ್ನೂ ತಾಳುವ ಸಾಮಾನ್ಯ ಗೆಂಡೆ ಎಂದಾಯಿತು. ಗೆಂಡೆಯೇ ಹೆಚ್ಚು.

ಮಳೆ ಬಂತು, ಮರಿ ಬಿಟ್ಟೆವು. ನಿಜವಾದ ಚಡಪಡಿಕೆ ಆಮೇಲೆ. ತೊಗರಿ ಬಿತ್ತಿದರೆ ಮೊಳಕೆ ಕಾಣುತ್ತದೆ. ಕೆಂಪು ನೀರಿನಲ್ಲಿ ಮೀನು ಕಾಣುವುದಿಲ್ಲ. ತೌಡು, ಶೇಂಗಾ ಹಿಂಡಿ ಚೆಲ್ಲಿ ಇಬ್ಬರೂ ದಂಡೆಯಲ್ಲಿ ನಿಲ್ಲುತ್ತಿದ್ದೆವು. "ಅದಾವೋ ಇಲ್ಲೋ?" ಎಂದು ಅವರು ನನ್ನನ್ನು ಕೇಳುವರು. ನಾನು ಯಾರನ್ನು ಕೇಳಲಿ?

ಮೋಡ ಕವಿದು ಗಾಳಿ ನಿಂತ ಒಂದು ಮುಂಜಾನೆ ನೀರಿನ ತುಂಬ ಬಾಯಿಗಳು. ಮೀನುಗಳೆಲ್ಲ ಮೇಲೆ ಬಂದು ಉಸಿರಿಗೆ ಒದ್ದಾಡುತ್ತಿದ್ದವು. ಅವುಗಳನ್ನು ನಾವು ಕಣ್ಣಾರೆ ಕಂಡದ್ದು ಅವತ್ತೇ ಮೊದಲು. ಅಯ್ಯೋ, ಇಷ್ಟು ಇವೆಯೇ ಎಂಬ ಖುಷಿ, ಎಲ್ಲ ಸಾಯುತ್ತವೆಂಬ ಭಯ, ಎರಡೂ ಒಟ್ಟಿಗೇ. ನೀರಿಗೆ ಗಾಳಿ ಬೆರೆಯಲೆಂದು ಅವರು ಪಂಪು ಹಚ್ಚಿ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಹೊಂಡಕ್ಕೇ ಧುಮ್ಮಿಕ್ಕಿಸಿದರು. ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಕೋಲಿನಿಂದ ಬಡಿದೆ. ತಿರುಗಿ ನೋಡಿದರೆ ಅತ್ತೆಯೂ ದಂಡೆಯಲ್ಲಿ ಕೂತು ಮೊರದಿಂದ ನೀರು ಬಡಿಯುತ್ತಿದ್ದರು! ಬಿಸಿಲೇರುವ ಹೊತ್ತಿಗೆ ಬಾಯಿಗಳು ಒಂದೊಂದಾಗಿ ಮರೆಯಾದವು. ಕೆಲವಷ್ಟೇ ಸತ್ತು ತೇಲಿದವು.

ಹೋಳಿಯ ನಂತರ ಬಲೆ ಹಾಕಿಸಿದೆವು. ಗೆಂಡೆ ತುಂಬಿಕೊಂಡು ಬಂದವು, ರೋಹು ಪರವಾಗಿಲ್ಲ, ಕಾಟ್ಲಾ ಸಣ್ಣವು. ಬಸವಕಲ್ಯಾಣದ ಸಂತೆಯಲ್ಲಿ ಕೊಳ್ಳಲು ಬಂದ ಹೆಂಗಸು, "ರುಚಿ ಹ್ಯಾಂಗದ ಅಕ್ಕಾ?" ಎಂದಳು. ಸಾಕಿದ್ದೆ, ಉಳಿಸಿದ್ದೆ, ಆದರೆ ಅದೊಂದು ನನಗೆ ಗೊತ್ತಿಲ್ಲ. "ತಿಂದು ನೀವೇ ಹೇಳ್ರಿ," ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು, "ಬರೋ ವರ್ಷ ಕಾಟ್ಲಾನ ಬ್ಯಾಡೇನು? ಇನ್ನೊಂದು ಸಲ ಬಿಟ್ಟು ನೋಡೂಣು," ಎಂದು ಶುರು ಮಾಡಿದರು. ನಮ್ಮೂರು ಬರುವವರೆಗೂ ಬಿಡಲಿಲ್ಲ.